ರೆಕಾರ್ಡ್ ರೂಮಿನ ಮಾವನ ಕೊನೆಯ ಪರೀಕ್ಷೆ

ನಮ್ಮ ಬೀದಿಯಲ್ಲಿ ಯಾರು ಸ್ಕ್ಯಾನರ್ ಕೊಳ್ಳುವುದಿದ್ದರೂ ರೆಕಾರ್ಡ್ ರೂಮಿನ ಮಾವ ಜೊತೆಗಿರಲೇಬೇಕು. ಮೂವತ್ತು ವರ್ಷ ಕಚೇರಿಯ ಹಳೇ ಕಡತಗಳನ್ನು ಕಾದವರು ಅವರು. ಡಬ್ಬದ ಮೇಲಿನ ಅಂಕಿಗಳಿಗೆ ಸೊಪ್ಪು ಹಾಕುವುದಿಲ್ಲ. ಅವರ ಚೀಲದಿಂದ ಮಡಿಕೆ ಬಿದ್ದ ಪತ್ರ, ಮಾಸಿದ ಪೆನ್ಸಿಲ್ ಬರಹ ಒಂದೊಂದಾಗಿ ಹೊರಬಂದಂತೆ ಅಂಗಡಿಯವನು ಬೆವರುತ್ತಾನೆ. “ಹೊಸ ಹಾಳೇನ ಯಾವ ಮಿಷನ್ನಾದ್ರೂ ಓದುತ್ತಪ್ಪ. ಹಳೇದನ್ನ ಮರ್ಯಾದೆಯಾಗಿ ಓದುತ್ತಾ, ಅದನ್ನ ಹೇಳು” ಎನ್ನುತ್ತಾರೆ. ಅವರು ಆರಿಸಿದ ಒಂದೂ ಯಂತ್ರ ಈವರೆಗೆ ಕೈಕೊಟ್ಟಿಲ್ಲ. ಅವರ ಮನೆಯಲ್ಲಿ ಮಾತ್ರ ಸ್ಕ್ಯಾನರ್ ಇಲ್ಲ. ಪ್ರತಿ ಅಂಗಡಿಯಲ್ಲೂ ಕೊನೆಗೆ ಜೇಬಿನಿಂದ ಒಂದು ಫೋಟೋ ತೆಗೆದು ಸ್ಕ್ಯಾನರಿನ ಗಾಜಿನ ಮೇಲಿಡುತ್ತಾರೆ. ಚಿಕ್ಕಂದಿನಲ್ಲಿ ತಾವೇ ದಿನವೂ ಸವರಿ ಸವರಿ ಸವೆಸಿಬಿಟ್ಟ ಅಮ್ಮನ ಮುಖ ಅದರಲ್ಲಿದೆ. ತೆರೆಯ ಮೇಲೆ ಅಮ್ಮನ ಹೆಗಲು ಮೂಡುತ್ತದೆ, ಮಗುವನ್ನು ಹಿಡಿದ ಕೈ ಮೂಡುತ್ತದೆ, ಅಷ್ಟೇ. “ನಿಮ್ಗೆ ಇದು ಸಾಕು, ತಗೊಳ್ಳಿ” ಎಂದು ಕೊಳ್ಳಲು ಬಂದವರಿಗೆ ಹೇಳಿ ಮಾವ ಫೋಟೋವನ್ನು ಜೇಬಿಗೆ ಸೇರಿಸುತ್ತಾರೆ.