ಬೀಗದ ಕೈಗಳ ಮಾಮಿ

ಮದರಾಸಿನ ಪೆರಂಬೂರಿನಲ್ಲಿ ನಮ್ಮ ಪಕ್ಕದ ಮನೆಯ ಮಾಮಿಯದು ಒಂದೇ ಮಾತು: "ನೀವೆಲ್ಲ ಹೋಗಿ ಬನ್ನಿ, ನಾನು ಇಲ್ಲೇ ಇರ್ತೀನಿ." ವಠಾರದವರು ಸಿನಿಮಾಕ್ಕೋ ಬೀಚಿಗೋ ಹೊರಟರೆ ಬೀಗದ ಕೈಗಳೆಲ್ಲ ಅವರ ಸೆರಗಿನ ತುದಿ ಸೇರುತ್ತಿದ್ದವು. ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಬಾಗಿಲಲ್ಲಿ ನಿಂತು ನಮ್ಮನ್ನು ಕಳಿಸುವರು.

ಐವತ್ತರ ದಶಕದ ಒಂದು ಬೇಸಿಗೆ ರಜೆಯಲ್ಲಿ ಎರಡೂ ಮನೆಯವರು ರೈಲ್ವೆ ಪಾಸಿನಲ್ಲಿ ರಾಮೇಶ್ವರಕ್ಕೆ ಹೋದೆವು. ಬೀಗದ ಕೈಗಳು ಅಲ್ಲಿಗೂ ಮಾಮಿಯ ಸೆರಗಿನಲ್ಲೇ ಬಂದವು. ದೇವಸ್ಥಾನದ ಬಾಗಿಲಲ್ಲೂ ಅವರು ಅದೇ ಮಾತು ಹೇಳಿದರು. ಕಟ್ಟಾ ವೈಷ್ಣವರು, ಈಶ್ವರನ ಗುಡಿಯೊಳಗೆ ಕಾಲಿಡುವವರಲ್ಲ. ಅವರ ಯಜಮಾನರಾದ ಮಾಮ ಮಾತ್ರ, "ನಂಗೆ ಅದೆಲ್ಲ ಇಲ್ಲಪ್ಪಾ" ಎಂದು ನಮ್ಮ ಜೊತೆ ಬಂದರು.

ತೀರ್ಥದ ಬಾವಿಗಳಲ್ಲಿ ಮಿಂದು ಒದ್ದೆ ಬಟ್ಟೆಯಲ್ಲಿ ಹೊರಗೆ ಬಂದರೆ ಮಾಮಿ ಇಲ್ಲ. ಒಬ್ಬರೇ ಬೀದಿ ದಾಟಿ ಗೊತ್ತಿಲ್ಲದವರು! ಸಮುದ್ರ ಬೇರೆ ಹತ್ತಿರ. ಮಾಮ ಬಟ್ಟೆಯನ್ನೂ ಬದಲಿಸದೆ ಹೊರಟರು.

ಹುಡುಕುತ್ತ ಹೋದಂತೆ ಊರು ಮುಗಿಯಿತು. ಬಲೆ ಒಣಹಾಕುತ್ತಿದ್ದ ಹೆಂಗಸೊಬ್ಬಳು, "ಅಂದ ಅಮ್ಮಾವಾ? ಅಂಗೆ ಇರುಕ್ಕಾಂಗೊ" (ಆ ಅಮ್ಮನಾ? ಅಲ್ಲಿದ್ದಾರೆ) ಎಂದು ದ್ವೀಪದ ಆಚೆ ತೀರಕ್ಕೆ ಕೈ ತೋರಿಸಿದಳು.

ಅಲ್ಲಿ ಗುಡಿಯಿಲ್ಲ, ಅಂಗಡಿಯಿಲ್ಲ. ತಾಳೆಮರ, ಮರಳು, ಸದ್ದಿಲ್ಲದ ನೀರು. ಮಾಮಿ ಕಾಲು ಚಾಚಿ ಅಲೆಗೆ ಒಡ್ಡಿಕೊಂಡು ಕೂತಿದ್ದರು. ಸೆರಗಿನ ಗಂಟು ಬಿಚ್ಚಿ ಬೀಗದ ಕೈಗಳನ್ನು ಮರಳಿನ ಮೇಲಿಟ್ಟಿದ್ದರು.

"ಏನಡೀ ಇದೆ ಇಲ್ಲಿ, ಇಷ್ಟು ಹೊತ್ತು ನೋಡೋಕೆ?" ಮಾಮ ರೇಗಿದರು.

"ಏನೂ ಇಲ್ಲ. ಅದಕ್ಕೇ ಇಷ್ಟು ಹೊತ್ತಾಯ್ತು."

ಮಾಮಿ ಬೀಗದ ಕೈಗಳ ಮರಳು ಕೊಡವಿ ಮಾಮನ ಕೈಗಿಟ್ಟರು.

"ನೀವೆಲ್ಲ ಹೋಗಿ. ನಾನು ಇನ್ನೂ ಸ್ವಲ್ಪ ಹೊತ್ತು ಇಲ್ಲೇ ಇರ್ತೀನಿ."