ಸುಮ್ಮನೆ ನಡೆಯುತ್ತಿದ್ದ ಸಾಹೇಬ

ಆಗ ನಮ್ಮ ಕಡೆ ನಡೆಯದವರೇ ಇರಲಿಲ್ಲ. ಯುದ್ಧ ನಡೆದಿತ್ತು. ಪೆಟ್ರೋಲು ಸಿಗದೆ ತಿಕೋಟಾಕ್ಕೆ ಬರುತ್ತಿದ್ದ ಮೋಟಾರು ಇದ್ದಿಲಿನ ಹೊಗೆಯ ಮೇಲೆ ಓಡುತ್ತಿತ್ತು. ಓಡುವುದಕ್ಕಿಂತ ಕೆಟ್ಟು ನಿಂತದ್ದೇ ಹೆಚ್ಚು. ವಿಜಾಪುರದ ಸಂತೆಗೆ, ಬಬಲೇಶ್ವರದ ಬೀಗರ ಮನೆಗೆ, ಘೋಣಸಗಿಯಲ್ಲಿ ಯಾರಾದರೂ ಸತ್ತರೆ ಅಲ್ಲಿಗೆ, ಎಲ್ಲಿಗೇ ಆಗಲಿ ಜನ ರೊಟ್ಟಿಯ ಗಂಟು ಕಟ್ಟಿಕೊಂಡು ನಡೆದೇ ಹೋಗುತ್ತಿದ್ದರು. ಹಾಗೆ ಹೋಗುವವರನ್ನು ಕರೆದು ನೀರು ಕೊಟ್ಟು, ಯಾವೂರು, ಯಾರ ಪೈಕಿ, ಏನು ಕೆಲಸ ಎಂದು ಕೇಳುವುದು ಪದ್ಧತಿ. ಉತ್ತರ ಬಂದರೆ ಮುಗಿಯಿತು. ಉತ್ತರ ಬಾರದವನು ಒಬ್ಬನೇ ಒಬ್ಬ ಬಂದ, ನನಗೆ ಒಂಬತ್ತೋ ಹತ್ತೋ ವರ್ಷವಾಗಿದ್ದಾಗ.

ನಮ್ಮ ಮನೆ ತಿಕೋಟಾದಲ್ಲಿ. ಅಪ್ಪ ಅಲ್ಲಿಯ ಸಾಲಿ ಮಾಸ್ತರ. ಹೊಲ ಮಾತ್ರ ದೂರ, ಬಬಲೇಶ್ವರಕ್ಕೆ ಹೋಗುವ ಕಾಲುದಾರಿ ಡೋಣಿ ಹೊಳೆಯನ್ನು ದಾಟುವಲ್ಲಿ. ದಸರೆಯ ಸೂಟಿ ಬಂತೆಂದರೆ ಆಯಿ, ಅಂದರೆ ಅಪ್ಪನ ತಾಯಿ, ನನ್ನನ್ನೂ ತಮ್ಮ ಚನ್ನ್ಯಾನನ್ನೂ ಬಂಡಿಯಲ್ಲಿ ಹಾಕಿಕೊಂಡು ಹೊಲದ ಗುಡಿಸಲಿಗೆ ಕರೆದೊಯ್ಯುತ್ತಿದ್ದಳು. ಹಿಂಗಾರಿ ಜೋಳದ ಬಿತ್ತಿಗೆ ಮುಗಿಯುವ ತನಕ ಅಲ್ಲೇ ವಾಸ. ಮಲ್ಲಪ್ಪ ಕಾಕಾ ಕೂರಿಗೆ ಹೊಡೆಯುತ್ತಿದ್ದ. ಮಳೆ ನಿಂತು ಬಿಸಿಲು ಬಿದ್ದಾಗ ಎರೆ ಮಣ್ಣಿನಿಂದ ಏಳುವ ವಾಸನೆ, ಬೆರಣಿಯ ಹೊಗೆಯಲ್ಲಿ ಬೇಯುವ ಸಜ್ಜಿ ರೊಟ್ಟಿ, ಅಗಸಿ ಹಿಂಡಿ, ಮುಷ್ಟಿಯಿಂದ ಗುದ್ದಿ ಒಡೆದ ಉಳ್ಳಾಗಡ್ಡಿ. ನಾನೂ ಚನ್ನ್ಯಾನೂ ದಿನವಿಡೀ ಹಸಿ ಮಣ್ಣಿನಲ್ಲಿ ಎತ್ತು ಮಾಡುತ್ತಿದ್ದೆವು. ಅವನ ಎತ್ತಿಗೆ ಯಾವತ್ತೂ ಮೂರೇ ಕಾಲು. ಕೇಳಿದರೆ, "ಇನ್ನೊಂದು ಮಡಚ್ಯಾದ, ಕುಂತೈತಿ ಅದು" ಅನ್ನುತ್ತಿದ್ದ.

ಆ ವರ್ಷ ಡೋಣಿಯ ದಂಡೆಗುಂಟ ಹೊಸ ಒಡ್ಡು ಹಾಕುತ್ತಿದ್ದರು. ಹಾಕಿದ್ದು ಹೊಳೆ ಬಂದಾಗ ಒಡೆದುಹೋಗುತ್ತಿತ್ತು. ಡೋಣಿ ಹಾಗೆಯೇ, ನಮ್ಮಲ್ಲಿ ಹನಿ ಬೀಳದಿದ್ದರೂ ಜತ್ತದ ಕಡೆ ಸುರಿದ ಮಳೆಗೆ ಇಲ್ಲಿ ತುಂಬಿ ಬರುತ್ತದೆ, ಇಳಿದ ಮೇಲೆ ದಂಡೆಯಲ್ಲಿ ಕಾಲಿಟ್ಟರೆ ಒಳಗೆಳೆಯುವ ಹುದುಲು ಬಿಟ್ಟುಹೋಗುತ್ತದೆ. ಒಡ್ಡು ನಿಲ್ಲದಿದ್ದದ್ದಕ್ಕೆ ಜನ ಬೇರೆಯೇ ಕಾರಣ ಆಡಿಕೊಳ್ಳುತ್ತಿದ್ದರು. ಬಲಿ ಬೇಕಂತೆ. ಸಣ್ಣ ಹುಡುಗರೇ ಆಗಬೇಕಂತೆ. ಹಿಡಿದುಕೊಂಡು ಹೋಗುವವರು ಊರೂರು ತಿರುಗುತ್ತಿದ್ದಾರಂತೆ. ಸಂಜೆಯಾಗುತ್ತಲೇ ಆಯಿ ನಮ್ಮಿಬ್ಬರನ್ನೂ ಒಳಗೆ ಹಾಕಿ ಗುಡಿಸಲ ಬಾಗಿಲಿಗೆ ಮುಳ್ಳಕಂಟಿ ಎಳೆಯುತ್ತಿದ್ದಳು.

ಸಾಹೇಬ ಬಂದದ್ದು ಅಂಥ ದಿನಗಳಲ್ಲಿ. ಉದ್ದನೆಯ ಮನುಷ್ಯ, ಬಿಸಿಲಿಗೆ ಮೂಗು ಸುಲಿದಿತ್ತು, ಬೆನ್ನಿಗೆ ಒಂದು ಚೀಲ, ಕೈಯಲ್ಲಿ ಅವನ ಎದೆಮಟ್ಟದ ಬಡಿಗೆ. ವಿಜಾಪುರದಿಂದ ತಿಕೋಟಾ, ಅಲ್ಲಿಂದ ಹಳ್ಳಿ ಹಳ್ಳಿ ಹಾಯ್ದು ಡೋಣಿ, ಒಡ್ಡಿನ ಮೇಲಿಂದ ಬಬಲೇಶ್ವರ, ಮತ್ತೆ ವಿಜಾಪುರ, ಹೀಗೆ ಸುತ್ತುತ್ತಿದ್ದ. ಕುದುರೆ ಇಲ್ಲ, ಮೋಟಾರಿಲ್ಲ, ಜೊತೆಗೆ ಒಬ್ಬ ಪಟ್ಟೇವಾಲನೂ ಇಲ್ಲ. ಅಂಥ ಸಾಹೇಬನನ್ನು ನಾವು ಕಂಡಿರಲಿಲ್ಲ. ಒಡ್ಡು ಬಂದಲ್ಲಿ ನಿಂತು ಹಿಮ್ಮಡಿಯಿಂದ ಒತ್ತಿ ನೋಡುತ್ತಿದ್ದ, ಬಗ್ಗಿ ಮಣ್ಣು ಮೂಸುತ್ತಿದ್ದ.

ಅಪ್ಪನಿಗೆ ಮಾತ್ರ ಅವನ ಪರಿಚಯವಿತ್ತು. ವಿಜಾಪುರದ ಸ್ಟೇಷನ್ ರಸ್ತೆಯ ಚಹಾದಂಗಡಿಯಲ್ಲಿ ಸಾಹೇಬನೇ ಇಂಗ್ಲಿಷಿನಲ್ಲಿ ಮಾತಾಡಿಸಿದ್ದನಂತೆ. ಹೊಲಕ್ಕೆ ಬಂದ ದಿನ ಅಪ್ಪ ಊಟಕ್ಕೆ ಕೂತು ಆಯಿಗೆ ಹೇಳಿದ.

"ಹಾಲೆಂಡ್ ಅಂತ ದೇಶ, ಬೇ. ಸಮುದ್ರಕ್ಕಿಂತ ತೆಗ್ಗಿನ್ಯಾಗ ಐತಿ. ಹೊಳಿಗುಂಟ ಒಡ್ಡು ಕಟ್ಟಿ ಬದುಕ್ಯಾರ. ಸೂಟಿ ದಿನ ಜನ ಆ ಒಡ್ಡಿನ ಮ್ಯಾಲ ಊರಿಂದ ಊರಿಗಿ ನಡೀತಾರಂತ. ಹಳೇ ಕ್ವಾಟಿ ಇದ್ದರ ನಿಂತು ನೋಡತಾರಂತ. ಇಲ್ಲೂ ವಿಜಾಪುರದಾಗ ಇದ್ದ ದಿನ ಮುಂಜಾನಿ ಕ್ವಾಟಿ ಗ್ವಾಡಿ ಸುತ್ತತಾನ."

"ಸುತ್ತಿ?"

"ಸುತ್ತಿ ಏನಿಲ್ಲ. ಸುಮ್ಮನ."

ಆಯಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ಸುಮ್ಮನ ಯಾರರ ನಡೀತಾರೇನೋ? ಹುಚ್ಚ ಇರಬೇಕು, ಇಲ್ಲಾ ಕಳ್ಳ ಇರಬೇಕು. ಇವನ ಕಣ್ಣಾಗ ಹುಚ್ಚಿಲ್ಲ."

ಕಾಕಾ ನಕ್ಕ. "ಮಾಸ್ತರಗ ಇಂಗ್ಲಿಷ್ ಮಾತಾಡಾಕ ಒಬ್ಬಾವ ಸಿಕ್ಕಾನ. ಕಳ್ಳ ಆದರೂ ಬಿಡಂಗಿಲ್ಲ."

ಮರುದಿನ ಅಪ್ಪ ಕೆಲಸದ ಮೇಲೆ ವಿಜಾಪುರಕ್ಕೆ ಹೋದ. ಅದೇ ದಿನ ಮಧ್ಯಾಹ್ನ ಸಾಹೇಬ ನಮ್ಮ ಗುಡಿಸಲ ಮುಂದೆ ನಿಂತು ಕೈಮುಗಿದ. ಬಾಯಾರಿ ಬಂದವನಿಗೆ ಇಲ್ಲ ಅನ್ನುವ ಹಾಗಿಲ್ಲ. ಆಯಿ ತಂಬಿಗೆಯಿಂದ ಮಜ್ಜಿಗೆಯನ್ನು ಮೇಲಿಂದ ಅವನ ಬೊಗಸೆಗೆ ಸುರಿದಳು. ಕುಡಿದು "ಅಚ್ಛಾ, ಅಚ್ಛಾ" ಅಂದ. ಹಿಂದುಸ್ತಾನಿಯಲ್ಲಿ ಅವನಿಗೆ ಬರುತ್ತಿದ್ದದ್ದು ಅಂಥ ನಾಲ್ಕೈದು ಮಾತು. ಚನ್ನ್ಯಾ ತನ್ನ ಮೂರು ಕಾಲಿನ ಎತ್ತನ್ನು ತೋರಿಸಲು ಹೋದ. ಸಾಹೇಬ ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಚನ್ನ್ಯಾನ ಮುಖವನ್ನೇ ದಿಟ್ಟಿಸಿದ. ಆಮೇಲೆ ತನ್ನ ಬಡಿಗೆಯನ್ನು ನೆಟ್ಟಗೆ ನಿಲ್ಲಿಸಿ ಹುಡುಗನನ್ನು ಅದಕ್ಕೆ ಒರಗಿಸಿದ. ತಲೆಯ ಮೇಲೆ ಅಂಗೈ ಚಪ್ಪಟೆಯಾಗಿ ಇಟ್ಟ. ಸಣ್ಣ ಚಾಕು ತೆಗೆದು ಅಲ್ಲಿಗೆ ಸರಿಯಾಗಿ ಬಡಿಗೆಯ ಮೇಲೆ ಒಂದು ಗೆರೆ ಕೊರೆದ.

ನಮ್ಮಲ್ಲಿ ಬಡಿಗೆ ಹಿಡಿದು ಮನುಷ್ಯನ ಉದ್ದ ಅಳೆಯುವುದು ಒಂದೇ ಕೆಲಸಕ್ಕೆ: ಹೆಣದ ಚಟ್ಟ ಕಟ್ಟುವಾಗ.

ಆಯಿ ಚನ್ನ್ಯಾನ ರಟ್ಟೆ ಹಿಡಿದು ಒಳಗೆ ಎಳೆದುಕೊಂಡಳು. ಸಾಹೇಬ ನಗುತ್ತ ಬಡಿಗೆಯನ್ನು ನನ್ನ ಮುಂದೆ ಹಿಡಿದು ಏನೋ ಹೇಳಿದ. ಹೊಸ ಗೆರೆಯ ಕೆಳಗೆ ಬೇರೆ ಗೆರೆಗಳಿದ್ದವು, ಮೇಲೆಯೂ ಒಂದೆರಡು. ಹಳೆಯವು, ಕೈ ಆಡಿ ಕಪ್ಪಾದವು. ಅವನ್ನು ಒಂದೊಂದಾಗಿ ಮುಟ್ಟಿ, ತನ್ನ ಎದೆ ಮುಟ್ಟಿಕೊಂಡು, ಪಡುವಣದ ಕಡೆ ಬೊಟ್ಟು ಮಾಡಿದ. ಅವನು ಹೋದ ಮೇಲೆ ಆಯಿಗೆ ಗೆರೆಗಳ ವಿಷಯ ಹೇಳಿದೆ. ಹೇಳಬಾರದಿತ್ತೆಂದು ಹೇಗೆ ಗೊತ್ತಾಗಬೇಕು?

"ಮಲ್ಲ್ಯಾ, ಕೇಳಿದೇನೋ? ಮೊದಲ ಎಷ್ಟೋ ಹುಡುಗರನ್ನ ಅಳದಾನ ಅವ! ನಮ್ಮ ಕೂಸಿಂದೂ ಅಳತಿ ಒಯ್ದಾನ!"

ಕಾಕಾ ಈ ಸಲ ನಗಲಿಲ್ಲ. ಸಂಜೆಯೊಳಗೆ ಸುತ್ತಲಿನ ಹೊಲಗಳಿಗೆಲ್ಲ ಸುದ್ದಿ ಮುಟ್ಟಿತ್ತು.

ಮುಂದಿನ ಸಲ ಸಾಹೇಬ ಕಂಡದ್ದು ದೂರದಲ್ಲಿ, ಒಡ್ಡಿನ ಮೇಲೆ. ಕೈ ಬೀಸಿದ. ಯಾರೂ ಬೀಸಲಿಲ್ಲ. ಸ್ವಲ್ಪ ಹೊತ್ತಿಗೆ ಆಯಿ ಚನ್ನ್ಯಾನನ್ನು ಉಣ್ಣಲು ಕರೆದಳು. ಬಂಡಿಯ ಕೆಳಗಿಲ್ಲ, ಬಣವೆಯ ಹಿಂದಿಲ್ಲ, ಬಾವಿಯ ಕಡೆ ಓಡಿ ಬಗ್ಗಿ ನೋಡಿದರೆ ನೀರು ಅಲುಗಿರಲಿಲ್ಲ. ಕಾಕಾ ಒಡ್ಡಿನತ್ತ ತಿರುಗಿದ. ಅಲ್ಲಿ ಸಾಹೇಬನೂ ಇರಲಿಲ್ಲ.

ಆಮೇಲಿನದನ್ನು ನಾನು ಎಷ್ಟು ಸಲ ಮನಸ್ಸಿನಲ್ಲಿ ಮತ್ತೆ ನಡೆಸಿದ್ದೇನೋ ಲೆಕ್ಕವಿಲ್ಲ. ಕಾಕಾನ ಕೈಯಲ್ಲಿ ಕೂರಿಗೆಯಿಂದ ಕಳಚಿದ ಬಡಿಗೆ. ಬಗಲ ಹೊಲದ ಸಿದರಾಯನ ಕೈಯಲ್ಲಿ ಕೊಡಲಿ. ಹಿಂದೆ ಇನ್ನೂ ಜನ. ಎಲ್ಲರೂ ನನಗೆ ಗೊತ್ತಿದ್ದವರೇ, ನನ್ನ ಜಡೆ ಜಗ್ಗಿ ಚೇಷ್ಟೆ ಮಾಡುತ್ತಿದ್ದವರೇ. ಆ ದಿನ ಅವರ ಮುಖಗಳು ಒಂದೇ ಮುಖವಾಗಿದ್ದವು. ಎರೆಯ ಕೆಸರಿನಲ್ಲಿ ದೊಡ್ಡವರ ಕಾಲು ಹೂಳುತ್ತಿತ್ತು. ಹಗುರಾಗಿದ್ದ ನಾನು ಮುಂದೆ ಓಡಿದೆ. ಒಡ್ಡು ಒಡೆದು ಹೊಳೆಗೆ ಬಾಯಿಬಿಟ್ಟಲ್ಲಿ ಮೊದಲು ತಲುಪಿದವಳು ನಾನು.

ಚನ್ನ್ಯಾ ಎದೆಮಟ್ಟ ಮಣ್ಣಿನಲ್ಲಿದ್ದ. ಅವನ ಕಂಕುಳ ಕೆಳಗೆ ಸಾಹೇಬನ ಆ ಗೆರೆಗಳ ಬಡಿಗೆ ಅಡ್ಡ ಬಿದ್ದಿತ್ತು. ಸಾಹೇಬ ನನ್ನ ಕಡೆ ಬೆನ್ನು ಮಾಡಿ ಮಂಡಿಯೂರಿ, ಎರಡೂ ಕೈಯಿಂದ ಹುಡುಗನ ಸುತ್ತಲಿನ ಮಣ್ಣನ್ನು ಏನೋ ಮಾಡುತ್ತಿದ್ದ.

ಏನು ಮಾಡುತ್ತಿದ್ದ? ಹುಗಿಯುವವನ ಬೆನ್ನೂ ಅಗೆದು ತೆಗೆಯುವವನ ಬೆನ್ನೂ ಹಿಂದಿನಿಂದ ಒಂದೇ ಥರ ಕಾಣುತ್ತದೆ.

ನಾನು ಚೀರಿದೆ. ಅಷ್ಟರಲ್ಲಿ ಕಾಕಾ ಬಂದು ಬೀಸಿದ ಏಟು ಸಾಹೇಬನ ಹೆಗಲಿಗೆ, ಕಿವಿಗೆ ಬಿತ್ತು. ಅವನು ಮುಖ ಅಡಿಯಾಗಿ ಕೆಸರಿಗೆ ಬಿದ್ದ. ಕಾಕಾ ಚನ್ನ್ಯಾನ ಕೈ ಹಿಡಿದು ಜಗ್ಗಿದ. ಬರಲಿಲ್ಲ. ಇನ್ನೂ ಜೋರಾಗಿ ಜಗ್ಗಿದ. ಅಲ್ಲಿಯವರೆಗೆ ಅಳದಿದ್ದ ಚನ್ನ್ಯಾ ಬಾಯಿ ಬಿಟ್ಟು ಅರಚಿದ. ಬಿದ್ದಿದ್ದ ಸಾಹೇಬ ತೆವಳುತ್ತ ಬಂದ. ಕಿವಿಯಿಂದ ರಕ್ತ ಇಳಿದು ಕೆಸರಿನೊಂದಿಗೆ ಬೆರೆತಿತ್ತು. ಮತ್ತೆ ಕೈಗಳನ್ನು ಹುಡುಗನ ಪಕ್ಕದ ಮಣ್ಣಿಗೆ ಹಾಕಿದ.

"ಇನ್ನೂ ಬಿಡಂಗಿಲ್ಲ ನೋಡ್ರಿ ಸೂಳಿಮಗ!" ಎಂದು ಸಿದರಾಯ ಕೊಡಲಿ ಎತ್ತಿದ.

ಕಾಕಾ ಅವನ ರಟ್ಟೆ ಹಿಡಿದ. "ತಡಿ ಲೇ. ಗಂಗೂ, ನೀ ಮೊದಲ ಬಂದಿ. ನೀ ಕಂಡಿ. ಖರೇ ಹೇಳು. ಮಣ್ಣ ಹಾಕಾಕತ್ತಿದ್ದನೋ, ತಗಿಯಾಕತ್ತಿದ್ದನೋ?"

ಎಲ್ಲರೂ ನನ್ನನ್ನು ನೋಡಿದರು. ಕೊಡಲಿ ಮೇಲೆಯೇ ಇತ್ತು. ಅದರ ಬಾಯಿಗೆ ಬಿಸಿಲು ಬಿದ್ದಿತ್ತು.

ನನಗೆ ಗೊತ್ತಿರಲಿಲ್ಲ. ನಾನು ಕಂಡದ್ದು ಎರಡು ಮೊಣಕೈ ಅಲುಗಿದ್ದು, ಅಷ್ಟೇ. ಹಾಕುತ್ತಿದ್ದ ಅಂದರೆ ಕೊಡಲಿ ಬೀಳುತ್ತದೆ. ತೆಗೆಯುತ್ತಿದ್ದ ಅಂದರೆ, ಅದು ಸುಳ್ಳಾಗಿದ್ದರೆ, ಇವರು ಸಾಹೇಬನನ್ನು ಬಿಟ್ಟ ಕೂಡಲೇ ಚನ್ನ್ಯಾನ ಗತಿ? ತಮ್ಮನ ಕಡೆ ನೋಡಿದೆ. ಅವನ ಎರಡೂ ಕೈ ಸಾಹೇಬನ ಅಂಗಿಯನ್ನು ಹಿಡಿದುಕೊಂಡಿದ್ದವು, ಕಾಕಾನದನ್ನಲ್ಲ.

"ತಗಿಯಾಕತ್ತಿದ್ದ, ಕಾಕಾ."

"ಖರೇನ?"

"ತಗಿಯಾಕತ್ತಿದ್ದ! ನಾ ಕಂಡೇನಿ!"

ಸಿದರಾಯ ಕೊಡಲಿಯನ್ನು ಹೆಗಲಿಗೆ ಇಳಿಸಿದ, ನೆಲಕ್ಕೆ ಇಡಲಿಲ್ಲ. ಕಾಕಾ ಮಂಡಿಯೂರಿ ಕೈಯಿಂದ ಬಗೆಯತೊಡಗಿದ. ಆಚೆ ಬದಿಯಲ್ಲಿ ಸಾಹೇಬ ಬಗೆಯುತ್ತಿದ್ದ. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ಕೊನೆಗೆ ಎತ್ತಿನ ಕಾಲು ಕೆಸರಿನಿಂದ ಕಿತ್ತು ಬಂದಂಥ ಸದ್ದಾಗಿ ಚನ್ನ್ಯಾ ಮೇಲೆ ಬಂದ.

ಅಷ್ಟರಲ್ಲಿ ಆಯಿ ಏದುಸಿರು ಬಿಡುತ್ತ ಬಂದಳು. ಮೊಮ್ಮಗನ ತಲೆಯಿಂದ ಕಾಲಿನ ತನಕ ಸವರಿ ನೋಡಿದಳು. ಆಮೇಲೆ ಕೆಸರಿನಲ್ಲಿದ್ದ ಸಾಹೇಬನ ಬಡಿಗೆಯನ್ನು ಎತ್ತಿಕೊಂಡಳು. ತೆಗೆದ ಅಳತೆ ಹಾಗೇ ಉಳಿಯಬಾರದು ಎಂಬುದು ಅವಳ ನಂಬಿಕೆ. ಕಲ್ಲಿಗೆ ಒಂದು ಸಲ, ಎರಡು ಸಲ ಅಪ್ಪಳಿಸಿದಳು. ಮುರಿಯಿತು. ತುಂಡುಗಳನ್ನು ಡೋಣಿಗೆ ಎಸೆದಳು.

ಏಟು ಬಿದ್ದಾಗ ಬಾಯಿ ಬಿಡದಿದ್ದ ಸಾಹೇಬ ಆಗ ಕೂಗಿದ. ಹೊಳೆಗೆ ಇಳಿದ, ಮೊಣಕಾಲ ಮಟ್ಟ, ಸೊಂಟದ ಮಟ್ಟ. ತುಂಡುಗಳು ತಿರುಗುತ್ತ ಮುಂದೆ ಹೋದವು. ಅವನು ನೀರಿನಲ್ಲಿ ನಿಂತು ಸಣ್ಣ ಹುಡುಗನ ಹಾಗೆ ಅತ್ತ.

"ನೋಡಿದ್ರೇನು?" ಸಿದರಾಯ ಮೆಲ್ಲಗೆ ಅಂದ. "ಒಂದು ಬಡಿಗಿ ಸಲುವಾಗಿ ಇಷ್ಟು ಅಳಾಕತ್ತಾನ. ಏನೋ ಐತಿ."

ಅವನನ್ನು ಬಂಡಿಯಲ್ಲಿ ಹಾಕಿ ಬಬಲೇಶ್ವರಕ್ಕೆ ಬಿಟ್ಟುಬಂದರು. ರಾತ್ರಿ ಕಾಕಾ ಚನ್ನ್ಯಾನನ್ನು ಕೇಳಿದ: "ಸಾಹೇಬ ಕರದಿದ್ದನೇನೋ?" "ಹೂಂ" ಅಂದ ಚನ್ನ್ಯಾ. "ನೀನ ಅವನ ಬೆನ್ನ ಹತ್ತಿ ಹೋಗಿದ್ದೇನು?" ಅದಕ್ಕೂ "ಹೂಂ". ಐದು ವರ್ಷದವನಿಂದ ಅಷ್ಟೇ ಸಿಕ್ಕಿತು. ಮುಂದೆ ದೊಡ್ಡವನಾಗಿ, ರೈಲ್ವೆಯಲ್ಲಿ ನೌಕರಿ ಮಾಡಿ, ನನಗಿಂತ ಒಂದು ಮೊಳ ಎತ್ತರ ಬೆಳೆದ ಮೇಲೂ ಅವನಿಗೆ ನೆನಪಿದ್ದದ್ದು ಮಣ್ಣು ತಂಪಾಗಿತ್ತು ಎಂಬುದು ಮಾತ್ರ.

ಅಪ್ಪ ತಿರುಗಿ ಬಂದು ಕೇಳಿಸಿಕೊಂಡವನು ಗುಡಿಸಲ ಹೊರಗೆ ಕೂತುಬಿಟ್ಟ. ಗೆರೆಗಳ ಕಥೆ ಅವನಿಗೆ ಗೊತ್ತಿತ್ತು. ಸಾಹೇಬನಿಗೆ ಒಬ್ಬಳೇ ಮಗಳು. ಅವರ ದೇಶದಲ್ಲಿ ಮಕ್ಕಳು ಬೆಳೆದದ್ದನ್ನು ವರ್ಷಕ್ಕೊಮ್ಮೆ ಗೆರೆ ಹಾಕಿ ನೋಡುತ್ತಾರಂತೆ. ಮಗಳನ್ನು ಅಜ್ಜಿಯ ಬಳಿ ಬಿಟ್ಟು ಜಾವಾಕ್ಕೆ ಕೆಲಸಕ್ಕೆ ಹೊರಟಾಗ ಹಾಕಿದ ಗೆರೆಯೇ ಎಲ್ಲಕ್ಕೂ ಮೇಲಿನದು. ಆಮೇಲೆ ಅವನ ದೇಶ ಜರ್ಮನರ ಕೈಗೆ ಹೋಯಿತು, ಜಾವಾ ಜಪಾನಿಯರ ಕೈಗೆ. ಇವನು ಓಡಿ ಇಲ್ಲಿ ಬಂದು ಬಿದ್ದಿದ್ದ. ಮಗಳ ಸುದ್ದಿಯಿಲ್ಲ.

"ಹಂಗ ಅವ ಹೇಳ್ಯಾನ" ಅಂದ ಕಾಕಾ. "ನೀ ನಂಬೀದಿ."

ಅಪ್ಪ ವಿಜಾಪುರಕ್ಕೆ ಹೋಗಿ ವಿಚಾರಿಸಿದಾಗ ಸಾಹೇಬ ಊರು ಬಿಟ್ಟಿದ್ದ. ಪೊಲೀಸರಿಗೆ ಯಾರ ಹೆಸರನ್ನೂ ಹೇಳಿರಲಿಲ್ಲ. ನಮ್ಮ ಜನ ಅದಕ್ಕೂ ಅನುಮಾನಪಟ್ಟರು: ತಪ್ಪಿಲ್ಲದವನು ಫಿರ್ಯಾದಿ ಯಾಕೆ ಕೊಡಲಿಲ್ಲ?

ಧಾರವಾಡದ ಕಾಲೇಜಿನಲ್ಲಿ ಓದುವಾಗ ಅಟ್ಲಾಸು ತೆಗೆದು ಅವನ ದೇಶವನ್ನು ಹುಡುಕಿದೆ. ಸಮುದ್ರದ ಅಂಚಿನಲ್ಲಿ ಒಂದು ಚೂರು. ಅಪ್ಪ ಹೇಳಿದ್ದೇ ನಿಜವೆಂದು ಬುದ್ಧಿ ಒಪ್ಪುತ್ತದೆ. ಬಡಿಗೆಯನ್ನು ಕಂಕುಳಿಗೆ ಅಡ್ಡ ಕೊಟ್ಟದ್ದು ಹುಡುಗ ಇನ್ನೂ ಇಳಿಯದಿರಲಿ ಎಂದು, ಅದೂ ತಿಳಿಯುತ್ತದೆ. ಆದರೂ ಕಣ್ಣು ಮುಚ್ಚಿದರೆ ಆ ಬೆನ್ನು ಕಾಣುತ್ತದೆ, ಮೊಣಕೈಗಳು ಅಲುಗುತ್ತವೆ. ಒಮ್ಮೆ ಮಣ್ಣು ಹೊರಗೆ ಬರುತ್ತದೆ, ಒಮ್ಮೆ ಒಳಗೆ ಹೋಗುತ್ತದೆ. ಕಂಡೇನಿ ಎಂದು ನಾನು ಹೇಳಿದ ಮಾತಿನ ಮೇಲೆ ಒಂದು ಜೀವ ಉಳಿಯಿತು. ಕಂಡಿರಲಿಲ್ಲ.

ಈಗ ಡೋಣಿಗೆ ಸೇತುವೆಯಾಗಿದೆ. ತಿಕೋಟಾದಲ್ಲಿ ಬಸ್ಸು ಹತ್ತಿದವರು ನಿದ್ದೆಯಲ್ಲೇ ಹೊಳೆ ದಾಟುತ್ತಾರೆ. ಕಾಲುದಾರಿಯನ್ನು ದ್ರಾಕ್ಷಿಯ ತೋಟಗಳು ನುಂಗಿವೆ. ಬೇಲಿಯ ಆಚೆ ಯಾರಾದರೂ ನಡೆದು ಹೋದರೆ ಕರೆದು ಮಜ್ಜಿಗೆ ಕೊಡುವವರಿಲ್ಲ, ಯಾರ ಪೈಕಿ ಎಂದು ಕೇಳುವವರೂ ಇಲ್ಲ. ದಾರಿ ಹೋದದ್ದಕ್ಕೆ ನನಗೆ ಅಷ್ಟು ದುಃಖವಿಲ್ಲ. ಒಬ್ಬ ಅಪರಿಚಿತ ಎದುರಿಗೆ ಬಂದಾಗ ಮೊದಲು ಮುಖ ನೋಡುವ ರೂಢಿ ನನಗೂ ಒಂದು ಕಾಲಕ್ಕೆ ಇತ್ತಲ್ಲ, ಅದು ಆ ಒಡ್ಡಿನ ಮೇಲೆಯೇ ಉಳಿಯಿತು. ಮೊನ್ನೆ ಯಾರೋ ಒಬ್ಬ ವಿಜಾಪುರದ ನಮ್ಮ ಮನೆಯ ಗೇಟಿನ ಹತ್ತಿರ ನಿಂತು ಕೋಟೆಯ ಕಡೆ ಹೋಗುವ ದಾರಿ ಕೇಳಿದ. ಮೊಮ್ಮಗಳು ಖುಷಿಯಿಂದ ಹೇಳುತ್ತಿದ್ದಳು. ಒಳ್ಳೆಯ ಮನುಷ್ಯನೇ ಇರಬೇಕು, ದನಿ ಮೆತ್ತಗಿತ್ತು. ನಾನು ಕಿಟಕಿಯಿಂದ ಅವನ ಕೈಗಳನ್ನೇ ನೋಡುತ್ತ ನಿಂತಿದ್ದೆ. ಅವನು ತಿರುಗಿ ಹೋಗುವ ತನಕ.