ಬಿಳಿ ದಾರಿ ಬೇಡ, ಕಪ್ಪು ದಾರಿಯಾಗಲಿ

ಹಿಮದ ಮೇಲೆ ಚೆಲ್ಲಿದ ಸೀಮೆಎಣ್ಣೆಯ ವಾಸನೆ ಮೂಗಿಗೆ ಬಡಿದರೆ ಎಸೆಂಕುಲ್ ಅವರಿಗೆ ಈಗಲೂ ಅಪ್ಪನ ಕೋಟು ನೆನಪಾಗುತ್ತದೆ. ಅರ್ಚಾಲಿಯ ಪುಟ್ಟ ವಿಮಾನ ನಿಲ್ದಾಣದಲ್ಲಿ ಅಪ್ಪ ರನ್‌ವೇ ಅಂಚಿನುದ್ದಕ್ಕೂ ಎಣ್ಣೆದೀಪ ಹಚ್ಚುತ್ತಿದ್ದರು. ಮಗ ಈಗ ಅದೇ ರನ್‌ವೇಯ ಹಿಮ ಗುಡಿಸುತ್ತಾರೆ.

ಬೆಟ್ಟದ ನೆತ್ತಿಗೆ ಇನ್ನೂ ಬೆಳಕು ಮುಟ್ಟಿಲ್ಲ. ಅವರ ಹಳೆಯ ಲಾರಿ ಆಗಲೇ ಗುರುಗುಡುತ್ತಿದೆ. ಮುಂದೆ ಹಿಮ ತಳ್ಳುವ ಅಲಗು, ಹಿಂದೆ ಉರುಳುವ ಉಕ್ಕಿನ ಪೊರಕೆ. ರಸ್ತೆಗಾದರೆ ಹಿಮ ಕರಗಲೆಂದು ಉಪ್ಪು ಚೆಲ್ಲಿ ಕೈತೊಳೆದುಕೊಳ್ಳಬಹುದು. ಇಲ್ಲಿ ಉಪ್ಪು ವಿಮಾನದ ಲೋಹವನ್ನೇ ತಿನ್ನುತ್ತದೆ.

“ಮನೇಲಿ ಹೆಂಡ್ತಿ ಗುಡಿಸ್ತಾಳೆ, ನಾನು ಚೆಲ್ತೀನಿ. ಇಲ್ಲಿ ನಾನು ಗುಡಿಸ್ತೀನಿ, ಗಾಳಿ ಚೆಲ್ಲುತ್ತೆ. ದೇವರ ನ್ಯಾಯ!” ಎಂದು ನಗುತ್ತಾರೆ.

ಬಿಳಿ ಶುಭವೆಂದು, ಪ್ರಯಾಣ ಹೊರಟವರನ್ನು ಈ ಸೀಮೆಯಲ್ಲಿ ‘ಬಿಳಿ ದಾರಿಯಾಗಲಿ’ ಎಂದೇ ಹರಸುವುದು. ನಿಲ್ದಾಣದೊಳಗೆ ಯಾರಾದರೂ ಹಾಗೆಂದರೆ ಎಸೆಂಕುಲ್ ಕಿವಿ ಮುಚ್ಚಿಕೊಳ್ಳುತ್ತಾರೆ. “ಬಿಡ್ತು ಅನ್ನಿ! ಇಲ್ಲಿ ಬಿಳಿ ಅಂದ್ರೆ ಹಿಮ. ಕಪ್ಪು ದಾರಿ ಅನ್ನಿ, ಕಪ್ಪು!”

ಇವತ್ತು ಬೆಂಚಿನ ಮೇಲೆ ಮುದುಕಿ ಕಾಲಿಪಾ ಬುತ್ತಿಯ ಗಂಟು ಹಿಡಿದು ಕೂತಿದ್ದಾರೆ. ಒಂದು ಕಣ್ಣು ಹೋಗಿದೆ, ಇನ್ನೊಂದು ಮಸುಕು. ನಾಳೆ ರಾಜಧಾನಿಯಲ್ಲಿ ಶಸ್ತ್ರಚಿಕಿತ್ಸೆ. ತಪ್ಪಿದರೆ ಮತ್ತೆ ಸರದಿ ವಸಂತಕ್ಕೆ. ಕಣಿವೆಯ ರಸ್ತೆಯನ್ನು ಹಿಮಕುಸಿತ ನುಂಗಿದೆ. ವಿಮಾನವೊಂದೇ ದಾರಿ.

ಬಿಸಿಲೇರುವಷ್ಟರಲ್ಲಿ ಡಾಂಬರು ಕಪ್ಪಗೆ ಮೇಲೆದ್ದಿದೆ. ಕಿಟಕಿಗೆ ಮೂಗು ಒತ್ತಿದವರೆಲ್ಲ ಚಪ್ಪಾಳೆ ತಟ್ಟುತ್ತಾರೆ. ಎಸೆಂಕುಲ್ ಮಾತ್ರ ಜೀಪು ಹತ್ತಿ, ರನ್‌ವೇ ಮಧ್ಯೆ ಓಡಿಸಿ, ಚಕ್ರಕ್ಕೆ ಹಿಡಿತ ಸಿಗುತ್ತದೆಯೇ ನೋಡಲು ಗಕ್ಕನೆ ಬ್ರೇಕ್ ತುಳಿಯುತ್ತಾರೆ. ಜೀಪು ನಿಲ್ಲುವುದಿಲ್ಲ, ಜಾರಿ, ಬಾಲ ತಿರುಗಿಸಿ, ಬದಿಯ ಹಿಮದ ರಾಶಿಗೆ ಒರಗುತ್ತದೆ. ಡಾಂಬರಿನ ಮೇಲೆ ಕಣ್ಣಿಗೆ ಕಾಣದ ಮಂಜುಗಡ್ಡೆಯ ಪೊರೆ.

“ಜಿಪಾರ್, ರನ್‌ವೇ ಮುಚ್ಚಿದೆ ಅಂತ ಹೇಳ್ಬಿಡಮ್ಮ,” ಎಂದು ವಿಮಾನದವರೊಡನೆ ರೇಡಿಯೋದಲ್ಲಿ ಮಾತಾಡುವ ಹುಡುಗಿಗೆ ತಿಳಿಸುತ್ತಾರೆ.

“ಅಷ್ಟು ಕರ್ರಗಿದೆ, ಇನ್ನೇನು ಬೇಕು ಅಣ್ಣಾ?” ಅವರು ಒಳಗೆ ಬರುತ್ತಲೇ ಉಣ್ಣೆ ವ್ಯಾಪಾರಿಯೊಬ್ಬ ರೇಗುತ್ತಾನೆ. “ನಿನ್ ಕೈಲಾಗಲ್ಲ ಅಂದ್ರೆ ಪೊರಕೆ ನಮ್ಮತ್ತೆಗೆ ಕೊಡು!”

“ಕರ್ಕೊಂಡು ಬಾರಪ್ಪ, ಇಬ್ಬರೂ ಗುಡಿಸ್ತೀವಿ.”

ಎಲ್ಲರೂ ನಗುತ್ತಾರೆ, ಕಾಲಿಪಾ ನಗುವುದಿಲ್ಲ. ಎಸೆಂಕುಲ್ ಮುದುಕಿಯ ಮುಂದೆ ಮಂಡಿಯೂರುತ್ತಾರೆ.

“ತಾಯಿ, ಕಪ್ಪಗೆ ಕಾಣುತ್ತೆ, ಆದ್ರೆ ಅದು ಗಾಜು.”

“ನನಗೆ ಕಪ್ಪೂ ಕಾಣಲ್ಲ, ಬಿಳಿಯೂ ಕಾಣಲ್ಲ ಮಗನೇ,” ಎಂದು ಅವರು ಮುಖ ತಿರುಗಿಸುತ್ತಾರೆ.

ಅಷ್ಟರಲ್ಲಿ ಜಿಪಾರ್ ಯಾರೂ ಹೇಳದೆಯೇ ಆಸ್ಪತ್ರೆಗೆ ಫೋನು ಮಾಡಿದ್ದಾಳೆ. ನಾಳೆ ಸಂಜೆಯೊಳಗೆ ತಲುಪಿದರೆ ಸರದಿ ಉಳಿಯುತ್ತದಂತೆ. ವಿಮಾನವೂ ಬೆಳಿಗ್ಗೆ ಮತ್ತೊಮ್ಮೆ ಪ್ರಯತ್ನಿಸಲಿದೆ. ಆದರೆ ಬಿಸಿಲಿಗೆ ಮೆತ್ತಗಾದ ಪೊರೆಯನ್ನು ಸಂಜೆಯ ಚಳಿ ಹಿಡಿಯುವ ಮುನ್ನ ಕೆರೆದು ಮುಗಿಸಬೇಕು. ಎಸೆಂಕುಲ್ ಊಟಕ್ಕೆ ಮನೆಗೆ ಹೋಗದೆ ಲಾರಿಯತ್ತ ನಡೆಯುತ್ತಾರೆ.

ಇಷ್ಟು ಬೈಗುಳ ತಿಂದು ಸಿಗುವುದೇನು ಎಂದರೆ ಎಸೆಂಕುಲ್ ಹೇಳುತ್ತಾರೆ: “ನನ್ನನ್ನ ಯಾರೂ ನೆನೆಯೋದು ಬೇಡ. ವಿಮಾನ ಇಳಿಯುವಾಗ ಜನ ಭಯಬೀಳದೆ ಆಕಳಿಸ್ತಾ ಕೂತಿದ್ರೆ ಸಾಕು. ಅದೇ ನನಗೆ ಸಲಾಮು.”

ಮಧ್ಯಾಹ್ನ ಲಾರಿ ಕಟ್ಟಡದ ಬಳಿ ತಿರುಗಿ ನಿಂತಾಗ, ಜಿಪಾರ್‌ಳ ತೋಳು ಹಿಡಿದು ಕಾಲಿಪಾ ಹೊರಗೆ ಬರುತ್ತಾರೆ. ಲಾರಿಯ ಬಾಗಿಲನ್ನು ಕೈಯಿಂದ ತಡವಿ, ದಾರಿಗೆಂದು ಕಟ್ಟಿದ್ದ ರೊಟ್ಟಿ ಮಾಂಸದ ಗಂಟನ್ನು ಕಿಟಕಿಗೆ ಎತ್ತಿ ಹಿಡಿಯುತ್ತಾರೆ.